ದೋಸೆ ಏಳದಿದ್ದರೆ ಕೈಯನ್ನು ಬೈಯಬೇಡಿ, ಅಕ್ಕಿಯನ್ನು ವಿಚಾರಿಸಿ

ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆ ಎಲ್ಲರಿಗೂ ಗೊತ್ತು. ಸಂಸಾರ ಅಂದ ಮೇಲೆ ಪ್ರತಿ ಮನೆಯಲ್ಲೂ ಏನಾದರೊಂದು ಕೊರತೆ ಇದ್ದೇ ಇರುತ್ತದೆ ಎಂದು ಅದರ ಅರ್ಥ. ಆದರೆ ನಮ್ಮ ಬಿ.ಸಿ.ರೋಡ್ ಸುತ್ತಮುತ್ತ ಬೆಳಗ್ಗೆ ಏಳು ಗಂಟೆಗೆ ಅಡುಗೆಮನೆಗಳಲ್ಲಿ ಕೇಳುವ ದೂರು ಇದಕ್ಕೆ ತೀರಾ ಉಲ್ಟಾ. ದೋಸೆಯಲ್ಲಿ ತೂತೇ ಬರ್ತಾ ಇಲ್ಲ! ಕಾವಲಿಯಿಂದ ಏಳ್ತಾ ಇಲ್ಲ. ಎದ್ದರೂ ಹರಿದು ಬರ್ತದೆ. ಹರಿಯದೆ ಬಂದದ್ದು ರಬ್ಬರಿನ ಹಾಗೆ ಎಳೆಯುತ್ತದೆ.

ನೀರ್‌ದೋಸೆಯ ವಿಷಯ ಹೇಳುತ್ತಿದ್ದೇವೆ. ಹವ್ಯಕರ ಮನೆಯಲ್ಲಿ ಇದು ತೆಳ್ಳೆವು, ಕೊಂಕಣಿಯವರಲ್ಲಿ ಪಾನ್‌ಪೊಳೊ. ಕೋಳಿ ಗಸಿಯ ಜೊತೆ ತಿನ್ನುವವರಿದ್ದಾರೆ, ಬೆಲ್ಲ ತೆಂಗಿನತುರಿಯ ಜೊತೆ ತಿನ್ನುವವರಿದ್ದಾರೆ. ಹೆಸರು, ನಂಚಿಕೊಳ್ಳುವುದು ಬೇರೆಯಾದರೂ ಕಾವಲಿಯ ಮೇಲೆ ಆಗುವ ಎಡವಟ್ಟು ಎಲ್ಲರಿಗೂ ಒಂದೇ.

ಎಡವಟ್ಟಾದಾಗ ಹೊರಬೀಳುವ ತೀರ್ಪೂ ಎಲ್ಲ ಮನೆಗಳಲ್ಲಿ ಒಂದೇ: ‘ಅವಳ ಕೈಗೆ ದೋಸೆ ಬರುವುದಿಲ್ಲ.’ ಅತ್ತೆ ಹೇಳದಿದ್ದರೆ ಗಂಡ ಹೇಳುತ್ತಾನೆ, ಗಂಡ ಹೇಳದಿದ್ದರೆ ಬಂದ ನೆಂಟರು ಹೇಳುತ್ತಾರೆ. ಯಾರೂ ಹೇಳದಿದ್ದರೆ ಅವಳೇ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಈ ‘ಕೈಗುಣ’ದ ಮಾತನ್ನು ನಾವು ಒಪ್ಪುವುದಿಲ್ಲ. ದೋಸೆ ಕೆಡುವುದಕ್ಕೆ ಹುಡುಕಿದರೆ ಸಿಗುವ ಕಾರಣಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಅಡುಗೆಮನೆಯ ಒಳಗೆ ಇಲ್ಲ, ಅಕ್ಕಿ ಅಂಗಡಿಯಲ್ಲಿದೆ. ಅದನ್ನು ಕೇಳುವ ಹಕ್ಕು ತಿನ್ನುವವರಿಗೆ, ಮಾಡುವವರಿಗೆ ಇಬ್ಬರಿಗೂ ಇದೆ.

ಅಡಗಿಸಲು ಜಾಗವಿಲ್ಲದ ದೋಸೆ

ಹೋಟೆಲಿನ ಪ್ಯಾನ್‌ಕೇಕಿಗೆ ಮೈದಾ, ಮೊಟ್ಟೆ, ಬೇಕಿಂಗ್ ಪೌಡರ್ ಹಾಕುತ್ತಾರೆ. ಮೈದಾದ ಜಿಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಮೊಟ್ಟೆ ಕಟ್ಟಿಕೊಡುತ್ತದೆ, ಪೌಡರ್ ಉಬ್ಬಿಸುತ್ತದೆ. ಉದ್ದಿನ ದೋಸೆಗೆ ಉದ್ದಿನ ಅಂಟು ಮತ್ತು ಹುಳಿ ಬಂದು ಉಬ್ಬಿದ ಹಿಟ್ಟಿನ ಸಹಾಯ ಇರುತ್ತದೆ. ನೀರ್‌ದೋಸೆಗೆ ಇದೊಂದೂ ಇಲ್ಲ. ಅಕ್ಕಿ, ನೀರು, ಉಪ್ಪು, ಬೇಕಿದ್ದರೆ ಒಂದು ಹಿಡಿ ತೆಂಗಿನತುರಿ. ಹಿಟ್ಟು ಹುಳಿ ಬರಬೇಕಾಗಿಲ್ಲ, ಮಗುಚಿ ಹಾಕಬೇಕಾಗಿಲ್ಲ. ಹಾಗಾಗಿಯೇ ಅಕ್ಕಿಯಲ್ಲಿ ಸಣ್ಣ ವ್ಯತ್ಯಾಸವಾದರೂ ಅದು ನೇರವಾಗಿ ಕಾವಲಿಯ ಮೇಲೆ ಕಾಣಿಸುತ್ತದೆ. ಅದನ್ನು ಮುಚ್ಚಲು ಬೇರೆ ಸಾಮಾನೇ ಇಲ್ಲ.

ದೋಸೆ ಕೆಡುವುದು ನಮ್ಮೂರಿನ ಕಷ್ಟ ಮಾತ್ರವೂ ಅಲ್ಲ. ರಷ್ಯಾದವರು ಮಾಡುವ ತೆಳು ದೋಸೆಗೆ ಬ್ಲಿನ್ ಎನ್ನುತ್ತಾರೆ. ಮೊದಲ ಬ್ಲಿನ್ ಯಾವಾಗಲೂ ಮುದ್ದೆಯಾಗುತ್ತದೆ ಎಂಬ ಗಾದೆ ಅಲ್ಲಿದೆ. ಕೆಲಸದ ಮೊದಲ ಪ್ರಯತ್ನ ಕೆಟ್ಟರೆ ಬೇಸರ ಬೇಡ ಎಂದು ಸಮಾಧಾನ ಹೇಳಲು ಅದನ್ನು ಬಳಸುತ್ತಾರೆ. ಅವರು ಕೆಟ್ಟ ದೋಸೆಯಿಂದ ಸಮಾಧಾನದ ಗಾದೆ ಮಾಡಿಕೊಂಡರು, ನಾವು ಅದೇ ಕೆಟ್ಟ ದೋಸೆಯಿಂದ ಸೊಸೆಗೆ ಹೆಸರಿಟ್ಟೆವು.

ಒಂದೊಂದಾಗಿ ನೋಡಿ

ದೋಸೆ ಕೆಟ್ಟ ದಿನ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗುತ್ತೇವೆ. ನೀರು ಸೇರಿಸುತ್ತೇವೆ, ಎಣ್ಣೆ ಹೆಚ್ಚು ಹಾಕುತ್ತೇವೆ, ಬೆಂಕಿ ಏರಿಸುತ್ತೇವೆ. ಆಗ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದೇ ಇಲ್ಲ. ಒಂದು ಸಲಕ್ಕೆ ಒಂದನ್ನೇ ನೋಡಬೇಕು.

ಕಾವಲಿಗೆ ಅಂಟಿ ಏಳದಿದ್ದರೆ ಮೊದಲು ಕಾವು ನೋಡಿ. ಗೋಡೆಗೆ ಪೋಸ್ಟರ್ ಹಚ್ಚಲು ಹಿಟ್ಟನ್ನು ನೀರಲ್ಲಿ ಬಿಸಿ ಮಾಡಿ ಅಂಟು ಮಾಡುತ್ತಾರಲ್ಲ, ಕಾಯದ ಕಾವಲಿಯ ಮೇಲೆ ನಡೆಯುವುದು ಅದೇ ಕೆಲಸ. ಹಿಟ್ಟು ನಿಧಾನವಾಗಿ ಬಿಸಿಯಾಗುತ್ತಾ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಚೆನ್ನಾಗಿ ಕಾದ ಕಾವಲಿಯಲ್ಲಿ ಹೊಯ್ದ ಕೂಡಲೇ ನೀರು ಆವಿಯಾಗಿ ಹಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಆ ಆವಿ ಹೊರಟ ದಾರಿಯೇ ದೋಸೆಯ ತೂತು. ನಾಲ್ಕು ಹನಿ ನೀರು ಚಿಮುಕಿಸಿ. ಹನಿಗಳು ಕುಣಿದು ಮಾಯವಾದರೆ ಹೊಯ್ಯಬಹುದು. ಸುಮ್ಮನೆ ಕುಳಿತು ಗುಳ್ಳೆ ಎದ್ದರೆ ಇನ್ನೂ ಕಾಯಬೇಕು. ಪ್ರತಿ ದೋಸೆ ತೆಗೆದ ಮೇಲೂ ಕಾವಲಿ ಸ್ವಲ್ಪ ತಣಿದಿರುತ್ತದೆ. ಮುಂದಿನದಕ್ಕೆ ಅರ್ಧ ನಿಮಿಷ ಬಿಡಿ.

ತೂತು ಬರದೆ ದಪ್ಪವಾದರೆ ಹಿಟ್ಟು ಗಟ್ಟಿ ಎಂದು ಅರ್ಥ. ಒಂದು ಕುಡ್ತೆ ಬೆಳ್ತಿಗೆ ಅಕ್ಕಿಗೆ, ಅರೆಯುವಾಗ ಹಾಕಿದ್ದೂ ಸೇರಿ, ಎರಡರಿಂದ ಎರಡೂವರೆ ಕುಡ್ತೆ ನೀರು ಬೇಕಾಗುತ್ತದೆ. ಸೌಟನ್ನು ಅದ್ದಿ ತೆಗೆದರೆ ಹಿಟ್ಟು ಮಜ್ಜಿಗೆಯ ಹಾಗೆ ಜಾರಿ, ಸೌಟಿನ ಬೆನ್ನ ಮೇಲೆ ತೆಳು ಬಿಳಿ ಪದರ ಉಳಿಯಬೇಕು. ಮತ್ತೆ ಈ ಹಿಟ್ಟನ್ನು ಉದ್ದಿನ ದೋಸೆಯ ಹಾಗೆ ಸೌಟಿನಿಂದ ತಿರುಗಿಸಿ ಹರಡಬಾರದು. ಅಂಚಿನಿಂದ ಶುರು ಮಾಡಿ ನಡುವಿನವರೆಗೆ ಹೊಯ್ದು ಬಿಟ್ಟುಬಿಡಬೇಕು.

ಎಬ್ಬಿಸುವಾಗ ಹರಿದರೆ ಎರಡು ಅನುಮಾನ. ಒಂದು, ನೀರು ಮಿತಿಮೀರಿದೆ. ಎರಡು, ಅಕ್ಕಿ ನುಣ್ಣಗಾಗಿಲ್ಲ. ಎರಡು ಬೆರಳ ನಡುವೆ ಹಿಟ್ಟು ಉಜ್ಜಿ ನೋಡಿ. ರವೆಯ ಹಾಗೆ ತರಿ ಸಿಕ್ಕಿದರೆ ಆ ತರಿ ಇರುವಲ್ಲೇ ದೋಸೆ ಹರಿಯುತ್ತದೆ. ಕಡೆಯುವ ಕಲ್ಲಿನಲ್ಲಿ ಅರೆಯುತ್ತಿದ್ದಾಗ ಈ ಸಮಸ್ಯೆ ಕಡಿಮೆ ಇತ್ತು. ಮಿಕ್ಸಿಯ ಬ್ಲೇಡು ಮೊಂಡಾದದ್ದು ನಮಗೆ ಬೇಗ ತಿಳಿಯುವುದಿಲ್ಲ, ದೋಸೆ ಹೇಳುತ್ತದೆ. ಅಕ್ಕಿಗೆ ಮೂರು ನಾಲ್ಕು ಗಂಟೆಯಾದರೂ ನೆನೆಯಲು ಬಿಡಿ, ಸ್ವಲ್ಪವೇ ನೀರಿನಲ್ಲಿ ಅರೆಯಿರಿ, ಉಳಿದ ನೀರನ್ನು ಆಮೇಲೆ ಸೇರಿಸಿ. ಮೊದಲೇ ನೀರು ಸುರಿದರೆ ಅಕ್ಕಿ ಬ್ಲೇಡಿಗೆ ಸಿಕ್ಕದೆ ಸುತ್ತುತ್ತಲೇ ಇರುತ್ತದೆ.

ಮೊದಲ ನಾಲ್ಕು ಚೆನ್ನಾಗಿ ಬಂದು ಆಮೇಲಿನವು ಕೆಟ್ಟರೆ ಪಾತ್ರೆಯ ತಳ ನೋಡಿ. ಅಕ್ಕಿ ಹಿಟ್ಟು ನೀರಿನಲ್ಲಿ ಕರಗುವುದಿಲ್ಲ, ತಳ ಸೇರುತ್ತದೆ. ಕಲಕದೆ ಹೊಯ್ದರೆ ಮೊದಲು ಬರೀ ನೀರು, ಕೊನೆಗೆ ಬರೀ ಗಸಿ. ಪ್ರತಿ ಸಲವೂ ಕೆಳಗಿನಿಂದ ಕಲಕಿ ಹೊಯ್ಯಬೇಕು.

ಎದ್ದ ದೋಸೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಸಿ ಬಿಸಿಯಾಗಿ ಪೇರಿಸಿದ್ದೇ ಕಾರಣ. ಒಂದು ನಿಮಿಷ ಆರಲು ಬಿಟ್ಟು ಮಡಚಿಡಿ.

ಇನ್ನು ಕಾವಲಿಯ ಜಾತಕ. ಬೀಡಿನ ಕಾವಲಿಯ ಮೇಲೆ ಎಣ್ಣೆ ಕಾದು ಕಾದು ಒಂದು ಕಪ್ಪು ಪದರ ಕಟ್ಟುತ್ತದೆ. ದೋಸೆ ಏಳುವುದು ಆ ಪದರದ ದಯೆಯಿಂದ. ಅದೇ ಕಾವಲಿಯಲ್ಲಿ ಚಪಾತಿ ಸುಟ್ಟರೆ, ಸಾಬೂನು ಹಾಕಿ ತಂತಿಯ ಉಂಡೆಯಿಂದ ತಿಕ್ಕಿದರೆ ಆ ಪದರ ಹೋಗುತ್ತದೆ. ದೋಸೆ ಕಾವಲಿ ಬೇರೆ, ಚಪಾತಿ ಕಾವಲಿ ಬೇರೆ ಎಂದು ಹಿರಿಯರು ಹೇಳಿದ್ದರಲ್ಲಿ ಮಡಿ ಮೈಲಿಗೆ ಏನೂ ಇರಲಿಲ್ಲ, ಕಾರಣ ಇತ್ತು. ಪದರ ಹೋಗಿದ್ದರೆ ಎರಡು ಮೂರು ದಿನ ಎಣ್ಣೆ ಹಚ್ಚಿ ಕಾಯಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ ಮತ್ತೆ ಪಳಗಿಸಬೇಕು. ಎಣ್ಣೆ ಹಚ್ಚುವುದೆಂದರೆ ಸವರುವುದು ಮಾತ್ರ. ಎಣ್ಣೆ ನಿಂತರೆ ಹಿಟ್ಟು ಹಿಡಿಯದೆ ಜಾರಿ ಒಂದು ಕಡೆ ಸೇರುತ್ತದೆ.

ನಾನ್‌ಸ್ಟಿಕ್ ಕಾವಲಿಯಾದರೆ ಕಬ್ಬಿಣದ ಸಟ್ಟುಗ ತಾಗಿಸಬೇಡಿ, ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಬಿಟ್ಟು ಹೋಗಬೇಡಿ. ಆ ಲೇಪನ 260 ಡಿಗ್ರಿ ದಾಟಿದರೆ ಹಾಳಾಗಲು ಶುರುವಾಗುತ್ತದೆ. ಗೆರೆ ಬಿದ್ದು ಲೇಪನ ಎದ್ದ ಕಾವಲಿಯಲ್ಲಿ ಎಷ್ಟು ಜಾಣ ಕೈಯಿಂದಲೂ ದೋಸೆ ಏಳುವುದಿಲ್ಲ.

ಒಲೆಯೂ ಬದಲಾಗಿದೆ. ಕಟ್ಟಿಗೆಯ ಬೆಂಕಿ ಕಾವಲಿಯ ಇಡೀ ತಳಕ್ಕೆ ಹಬ್ಬುತ್ತಿತ್ತು. ಗ್ಯಾಸಿನ ಸಣ್ಣ ಬರ್ನರಿನಲ್ಲಿ ದೊಡ್ಡ ಕಾವಲಿ ಇಟ್ಟರೆ ನಡು ಕಾಯುತ್ತದೆ, ಅಂಚು ಕಾಯುವುದಿಲ್ಲ. ನಡುವೆ ಗರಿಗರಿ, ಅಂಚಿನಲ್ಲಿ ಅಂಟು. ದೊಡ್ಡ ಬರ್ನರಿಗೆ ಬದಲಾಯಿಸಿ, ಇಲ್ಲವೇ ದೋಸೆಯನ್ನೇ ಚಿಕ್ಕದು ಮಾಡಿ.

ಉದ್ದಿನ ದೋಸೆಯ ಕಥೆಯೂ ಹೆಚ್ಚು ಬೇರೆಯಲ್ಲ, ಅಲ್ಲಿ ಹವಾಮಾನವೂ ಒಂದು ಕೈ ಸೇರುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಸಂಜೆ ಅರೆದಿಟ್ಟ ಹಿಟ್ಟು ಬೆಳಗಾಗುವಾಗ ಹುಳಿ ಮೀರಿರುತ್ತದೆ. ಆಟಿಯ ಮಳೆಗೆ ಅದೇ ಹಿಟ್ಟು ಬೆಳಗ್ಗೆಯೂ ಮಲಗಿಯೇ ಇರುತ್ತದೆ. ಸೆಕೆಗೆ ತಡವಾಗಿ ಅರೆಯಬೇಕು, ಮಳೆಗೆ ಬೇಗ ಅರೆದು ಬೆಚ್ಚಗಿನ ಮೂಲೆಯಲ್ಲಿಡಬೇಕು.

ಇಷ್ಟೆಲ್ಲ ಮಾಡಿದರೂ ಬರದಿದ್ದರೆ?

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ಕಾವು ಸರಿ, ನೀರು ಸರಿ, ಕಾವಲಿ ಸರಿ. ಹೋದ ತಿಂಗಳು ಚೆನ್ನಾಗಿಯೇ ಬರುತ್ತಿತ್ತು. ಈ ತಿಂಗಳು ಹೊಸ ಮೂಟೆ ಬಿಚ್ಚಿದ ದಿನದಿಂದ ಬರುವುದಿಲ್ಲ. ಅಂದರೆ ಬದಲಾದದ್ದು ಅಕ್ಕಿ.

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಒಂದು ಅಮೈಲೋಸ್, ಇನ್ನೊಂದು ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿರುವ ಅಕ್ಕಿಯ ಅನ್ನ ಉದುರುದುರು, ಅದು ಕಡಿಮೆ ಇರುವ ಅಕ್ಕಿಯ ಅನ್ನ ಅಂಟಂಟು. ಈ ಲೆಕ್ಕ ತಳಿಯಿಂದ ತಳಿಗೆ ಬೇರೆಯಾಗುತ್ತದೆ. ಅದರ ಮೇಲೆ ಅಕ್ಕಿಯ ವಯಸ್ಸೂ ಸೇರುತ್ತದೆ. ಹೊಸ ಅಕ್ಕಿ ಅಂಟು ಹೆಚ್ಚು, ನೀರು ಕಡಿಮೆ ಕುಡಿಯುತ್ತದೆ. ಹಳೆಯದಾದಂತೆ ಅಂಟು ಕಡಿಮೆಯಾಗಿ ಹೆಚ್ಚು ನೀರು ಬೇಡುತ್ತದೆ. ಹಳೆ ಅಕ್ಕಿಗೆ ಸರಿಯಾದ ಎರಡೂವರೆ ಕುಡ್ತೆ ನೀರು ಹೊಸ ಅಕ್ಕಿಗೆ ಹೆಚ್ಚಾಗಬಹುದು. ಅರ್ಧ ಹಳೆ ಅಕ್ಕಿ ಬೆರೆಸಿದರೆ, ನೀರು ಸ್ವಲ್ಪ ಹಿಡಿದು ಹಾಕಿದರೆ ಬಹಳ ಸಲ ದೋಸೆ ಸರಿಹೋಗುತ್ತದೆ.

ಕುಚ್ಚಲು ಅಕ್ಕಿಯ ಲೆಕ್ಕ ಇನ್ನೂ ಬೇರೆ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಅಕ್ಕಿಯಾದ್ದರಿಂದ ಅದರ ಪಿಷ್ಟ ಒಮ್ಮೆ ಬೆಂದು ಗಟ್ಟಿಯಾಗಿರುತ್ತದೆ. ಅದನ್ನು ಬೆಳ್ತಿಗೆಯ ಅಳತೆಯಲ್ಲಿ ನೆನೆಸಿ, ಬೆಳ್ತಿಗೆಯ ಅಳತೆಯಲ್ಲಿ ನೀರು ಹಾಕಿ ಬೆಳ್ತಿಗೆಯ ದೋಸೆ ಬರಲಿ ಎಂದರೆ ಬರುವುದಿಲ್ಲ.

ನಮ್ಮ ಅಜ್ಜಿಯಂದಿರಿಗೆ ಈ ಪಿಷ್ಟದ ಹೆಸರು ಗೊತ್ತಿರಲಿಲ್ಲ. ಆದರೆ ಅವರಿಗೆ ಗದ್ದೆ ಗೊತ್ತಿತ್ತು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಕಯಮೆ, ರಾಜಕಯಮೆ, ಅತಿಕಾಯ, ಗಂಧಸಾಲೆ ಎಂದು ಹೆಸರು ಹಿಡಿದು ಹೇಳುವ ತಳಿಗಳು. ಗಂಜಿಗೆ ಯಾವುದು, ಕಡುಬಿಗೆ ಯಾವುದು, ದೋಸೆಗೆ ಯಾವುದು ಎಂದು ಮನೆಯಲ್ಲೇ ತೀರ್ಮಾನವಾಗುತ್ತಿತ್ತು. ಭತ್ತ ಯಾವ ವರ್ಷದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಕೊಯ್ದವರೇ ದೋಸೆ ಹೊಯ್ಯುತ್ತಿದ್ದರು. ಮೂವತ್ತು ವರ್ಷ ಒಂದೇ ಗದ್ದೆಯ ಅಕ್ಕಿ, ಒಂದೇ ಕಾವಲಿ, ಒಂದೇ ಒಲೆ. ಹಾಗೆ ಪಳಗಿದ ಅಂದಾಜನ್ನು ನಾವು ಕೈಗುಣ ಎಂದು ಕರೆದೆವು.

ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಯಾವ ದಾರಿಯಲ್ಲಿ ಹೋದರೂ ಒಂದು ಕಾಲದ ಗದ್ದೆಗಳಲ್ಲಿ ಅಡಿಕೆ ನಿಂತಿದೆ. ಗದ್ದೆ ಉಳಿಸಿಕೊಂಡವರಲ್ಲೂ ಎಂಒ-4, ಜ್ಯೋತಿಯಂಥ ಕೆಂಪಕ್ಕಿಯ ತಳಿಗಳೇ ಹೆಚ್ಚು, ಅವು ಕುಚ್ಚಲಾಗಿ ಊಟಕ್ಕೆ ಹೋಗುತ್ತವೆ. ದೋಸೆಯ ಬೆಳ್ತಿಗೆ ಅಂಗಡಿಯಿಂದಲೇ ಬರಬೇಕು. ಅಡಿಕೆ ಹಾಕಿದವರನ್ನು ನಾವು ದೂರುವುದಿಲ್ಲ. ಕೂಲಿಯ ಲೆಕ್ಕ, ನೀರಿನ ಲೆಕ್ಕ, ಕಾಡುಹಂದಿಯ ಕಾಟ ಅವರಿಗೇ ಗೊತ್ತು. ಆದರೆ ಗದ್ದೆಯ ಜೊತೆ ಅಕ್ಕಿಯ ವಿಳಾಸವೂ ಹೋಯಿತು. ಅಜ್ಜಿಯ ಅಳತೆ ಉಳಿಯಿತು, ಆ ಅಳತೆಗೆ ತಕ್ಕ ಅಕ್ಕಿ ಉಳಿಯಲಿಲ್ಲ.

ಪಡಿತರದ ಅಕ್ಕಿಯಲ್ಲಂತೂ ಒಂದು ತಿಂಗಳಿನ ಹಾಗೆ ಇನ್ನೊಂದು ತಿಂಗಳಿನದು ಇರುತ್ತದೆ ಎಂದು ಹೇಳುವಂತಿಲ್ಲ. ಅದರ ಬಗ್ಗೆ ಇನ್ನೊಂದು ಭಯವೂ ಇದೆ. ನೆನೆ ಹಾಕಿದಾಗ ಕೆಲವು ಕಾಳು ತೇಲುತ್ತವೆ, ಇದು ಪ್ಲಾಸ್ಟಿಕ್ ಅಕ್ಕಿ, ಇದರಿಂದಲೇ ದೋಸೆ ಕೆಡುವುದು ಎಂಬ ವಾಟ್ಸಾಪ್ ಸುದ್ದಿ. ಅದು ಪ್ಲಾಸ್ಟಿಕ್ ಅಲ್ಲ. 2021ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿಯವರು ಸರ್ಕಾರಿ ಯೋಜನೆಗಳಲ್ಲಿ ಸಾರವರ್ಧಿತ ಅಕ್ಕಿ ಕೊಡುವುದಾಗಿ ಘೋಷಿಸಿದ್ದರು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ-12 ವಿಟಮಿನ್ ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಪಾಲು ಅಕ್ಕಿಗೆ ಒಂದು ಪಾಲಿನಷ್ಟು ಬೆರೆಸುತ್ತಾರೆ. ನೂರಕ್ಕೆ ಒಂದು ಪಾಲಿನ ಅಕ್ಕಿ ಹಿಟ್ಟು ದೋಸೆ ಕೆಡಿಸಲಾರದು. ಅದನ್ನು ಹೆಕ್ಕಿ ಎಸೆದರೆ ನಷ್ಟ ನಮಗೇ.

ಮೂಟೆಯ ಮೇಲೆ ಏನು ಬರೆದಿದೆ?

ನಿಮ್ಮ ಮನೆಯ ಅಕ್ಕಿ ಮೂಟೆಯನ್ನೊಮ್ಮೆ ತಿರುಗಿಸಿ ನೋಡಿ. ನವಿಲಿನ ಚಿತ್ರ ಇರಬಹುದು, ದೇವರ ಚಿತ್ರ ಇರಬಹುದು, ಬ್ರಾಂಡಿನ ಹೆಸರು ದೊಡ್ಡದಾಗಿ ಇರುತ್ತದೆ. ಒಳಗಿರುವ ತಳಿ ಯಾವುದು, ಕೊಯ್ದ ವರ್ಷ ಯಾವುದು, ಒಂದೇ ತಳಿಯೋ ಎರಡು ಮೂರರ ಬೆರಕೆಯೋ ಎಂದು ಹುಡುಕಿ. ಪ್ಯಾಕ್ ಮಾಡಿದ ದಿನಾಂಕ ಸಿಕ್ಕೀತು. ಅದು ಚೀಲಕ್ಕೆ ತುಂಬಿದ ದಿನ, ಅಕ್ಕಿಯ ವಯಸ್ಸಲ್ಲ.

ಇದು ಆಗದ ಕೆಲಸವೇ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಶೇಕಡಾ ಜಿಎಸ್‌ಟಿ ಬಂತು, ಆದರೆ 25 ಕಿಲೋ ಮೀರಿದ ಚೀಲಕ್ಕೆ ಇಲ್ಲ ಎಂದಾಯಿತು. ಆಮೇಲೆ ಅಂಗಡಿಗಳಿಗೆ 26 ಕಿಲೋದ ಮೂಟೆ ಬಂತು. ತೆರಿಗೆಗೋಸ್ಕರ ಮೂಟೆಯ ತೂಕವನ್ನೇ ಬದಲಾಯಿಸಲು ಸಾಧ್ಯವಾದವರಿಗೆ ಅದೇ ಮೂಟೆಯ ಮೇಲೆ ತಳಿಯ ಹೆಸರು, ಬೆಳೆದ ವರ್ಷ ಅಚ್ಚು ಹಾಕುವುದು ಕಷ್ಟವೇನಲ್ಲ. ಔಷಧಿಯ ಸ್ಟ್ರಿಪ್ಪಿನ ಮೇಲೆ, ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೆ ಒಳಗೇನಿದೆ ಎಂದು ಓದಿ ಕೊಳ್ಳುತ್ತೇವೆ. ದಿನಕ್ಕೆ ಮೂರು ಹೊತ್ತು ತಿನ್ನುವ ಅಕ್ಕಿಯನ್ನು ನವಿಲಿನ ಚಿತ್ರ ನೋಡಿ ಕೊಳ್ಳಬೇಕೇ?

ನಮ್ಮ ಹತ್ತಿರವೇ ತಳಿ ಹೆಸರು ಉಳಿಸಿದವರಿದ್ದಾರೆ. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂತು. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನ ಅಮೈ ದೇವರಾವ್ ಅವರ ಗದ್ದೆಯಲ್ಲಿ ನೂರಕ್ಕೂ ಹೆಚ್ಚು ತಳಿಗಳು ಉಳಿದವು. ಪ್ರಶಸ್ತಿಯ ದಿನ ನಾವೆಲ್ಲ ಸ್ಟೇಟಸ್ ಹಾಕಿ ಹೆಮ್ಮೆಪಟ್ಟೆವು. ಆದರೆ ಆ ತಳಿಗಳಲ್ಲಿ ಒಂದರ ಹೆಸರನ್ನಾದರೂ ಅಂಗಡಿಯಲ್ಲಿ ಕೇಳಿ ಕೊಳ್ಳುವ ಅಭ್ಯಾಸ ನಮಗೆ ಬರಲಿಲ್ಲ. ಕೊಳ್ಳುವವರು ಹೆಸರು ಕೇಳಿದರೆ ಮಾರುವವರು ಹೆಸರು ಬರೆಯುತ್ತಾರೆ. ಹೆಸರು ಬರೆದರೆ ಬೆಳೆದವರಿಗೆ ಒಳ್ಳೆಯ ಬೆಲೆ ಕೇಳಲು ಒಂದು ಆಧಾರ ಸಿಗುತ್ತದೆ.

ಊರೂರಿನ ಸಿ.ಎ. ಬ್ಯಾಂಕುಗಳು ಇದನ್ನು ಶುರು ಮಾಡಬಹುದು. ಗೊಬ್ಬರ, ಪಡಿತರ ಮಾರುವ ಜಾಗದಲ್ಲೇ ಆ ಊರಿನ ಭತ್ತದ ಬೆಳ್ತಿಗೆ ಅಕ್ಕಿಯನ್ನು ತಳಿ, ವರ್ಷ ಬರೆದು ಒಂದು ಕಿಲೋ ಚೀಲದಲ್ಲಿ ಇಡಲಿ. ಒಂದು ಕಿಲೋ ಒಯ್ದು ದೋಸೆ ಹೊಯ್ದು ನೋಡಿ, ಬಂದರೆ ಮೂಟೆ ಒಯ್ಯಬಹುದು. ಸ್ವಸಹಾಯ ಸಂಘದವರು ಕ್ಯಾಂಟೀನು ಇಟ್ಟಿರುವಲ್ಲಿ ಇದು ಬರೀ ರುಚಿಯ ಪ್ರಶ್ನೆಯೂ ಅಲ್ಲ. ಒಂದು ಮೂಟೆ ತಪ್ಪಿದರೆ ಒಂದು ವಾರದ ಗಿರಾಕಿ ಹೋಗುತ್ತಾರೆ.

ಕೈಗುಣ ಇಲ್ಲವೇ ಇಲ್ಲವೇ?

ಇದೆ ಎನ್ನುವವರ ಮಾತಿನಲ್ಲಿ ಒಂದಂಶ ನಿಜ. ಅಭ್ಯಾಸದಿಂದ ಕೈ ಪಳಗುತ್ತದೆ. ಒಂದೇ ಹಿಟ್ಟಿನಲ್ಲಿ ಇಬ್ಬರು ಹೊಯ್ದರೆ ಪಳಗಿದವರ ದೋಸೆ ತೆಳುವಾಗಿರುತ್ತದೆ. ಆದರೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ದಿನವೂ ಒಂದೇ ಥರ ದೋಸೆ ಬಂದಾಗ ಅಡುಗೆಯವನ ಕೈಗುಣ ಎಂದು ನಾವು ಹೇಳುವುದಿಲ್ಲ. ನೂರು ದೋಸೆ ಆಗುವವರೆಗೆ ತಣಿಯದ ದಪ್ಪ ಕಾವಲಿ, ನೋಡಿ ತರಿಸಿದ ಅಕ್ಕಿ, ಗ್ರೈಂಡರ್ ಇವೆ ಎಂದು ನಮಗೆ ಗೊತ್ತು. ಮನೆಯಲ್ಲಿ ಬೀಡಿ ಕಟ್ಟು ಮುಗಿಸಿ, ಮಕ್ಕಳ ಶಾಲೆ ಬಸ್ಸಿಗೆ ಓಡುತ್ತಾ, ಪ್ರತಿ ತಿಂಗಳು ಬದಲಾಗುವ ಅಕ್ಕಿಯಲ್ಲಿ, ಗೆರೆ ಬಿದ್ದ ಕಾವಲಿಯಲ್ಲಿ ದೋಸೆ ಹೊಯ್ಯುವವಳಿಗೆ ಮಾತ್ರ ಕೈಗುಣದ ಪರೀಕ್ಷೆ ಇಡುತ್ತೇವೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರೆಯಬೇಕೇ ಎಂದು ಕೇಳುವವರಿಗೆ ಒಂದು ಮಾತು. ಕೆಟ್ಟ ಒಂದು ಬೆಳಗಿನಲ್ಲಿ ಹೋಗುವುದು ಎರಡು ಕುಡ್ತೆ ಅಕ್ಕಿ, ಒಂದಷ್ಟು ಗ್ಯಾಸ್, ಒಂದು ಗಂಟೆ. ಅದರ ಜೊತೆ ಒಬ್ಬಳ ಮರ್ಯಾದೆ. ಮೊದಲ ಮೂರನ್ನು ಲೆಕ್ಕ ಹಾಕುವವರು ಕೊನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಂಗಳೂರು, ಮುಂಬೈ, ಗಲ್ಫ್ ಸೇರಿದ ನಮ್ಮೂರ ಹೆಣ್ಣುಮಕ್ಕಳು ‘ಅಮ್ಮನ ಹಾಗೆ ನನಗೆ ಬರುವುದಿಲ್ಲ’ ಎಂದು ಫೋನಿನಲ್ಲಿ ಹೇಳುವಾಗ ಅವರ ಕೈಯಲ್ಲಿ ಅಮ್ಮನ ಅಕ್ಕಿಯೇ ಇರುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ದೋಸೆ ಚೆನ್ನಾಗಿ ಬಂದ ದಿನ ಅಕ್ಕಿಯ ಬ್ರಾಂಡು, ನೆನೆಸಿದ ಹೊತ್ತು, ಎಷ್ಟು ಕುಡ್ತೆ ನೀರು ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಂದಾಜು ಅತ್ತೆಯ ತಲೆಯಲ್ಲಿದ್ದರೆ ಸೊಸೆಗೆ ಪರೀಕ್ಷೆ, ಗೋಡೆಯ ಮೇಲಿದ್ದರೆ ಮನೆಯವರೆಲ್ಲರಿಗೂ ಪಾಠ. ದೋಸೆಗೆ ಹೆಸರಿಡುವ ಗಂಡಸರು ಒಂದು ಭಾನುವಾರ ಅದನ್ನು ಓದಿಕೊಂಡು ಕಾವಲಿಯ ಮುಂದೆ ನಿಲ್ಲಲಿ. ಹೊಸ ಮೂಟೆ ತರುವ ಮೊದಲು ಅದೇ ಅಕ್ಕಿಯ ಒಂದು ಕಿಲೋ ತಂದು ನೋಡಿ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಇನ್ನೂ ಎರಡು ಪ್ರಶ್ನೆ ಕೇಳಿ: ಇದು ಯಾವ ತಳಿ, ಯಾವ ವರ್ಷದ್ದು? ಮೊದಲ ದಿನ ಅಂಗಡಿಯವರು ಮುಖ ನೋಡಿ ನಗಬಹುದು. ಹತ್ತು ಜನ ಕೇಳಿದ ಮೇಲೆ ಅವರೇ ಮಿಲ್ಲಿಗೆ ಫೋನ್ ಮಾಡಿ ಕೇಳುತ್ತಾರೆ.